ಜೀವಕೋಶದ ಉಸಿರಾಟ

ಜೀವಕೋಶದ ಉಸಿರಾಟ ಎಂದರೆ ಕೋಶಗಳು ಆಹಾರದ ಅಣುಗಳಲ್ಲಿರುವ ರಾಸಾಯನಿಕ ಶಕ್ತಿಯನ್ನು ಹಂತಹಂತವಾಗಿ ಬಿಡುಗಡೆ ಮಾಡಿ, ಅದರ ಒಂದು ಭಾಗವನ್ನು ಎಟಿಪಿ (ಅಡೆನೊಸಿನ್ ಟ್ರೈಫಾಸ್ಫೇಟ್) ಎಂಬ ಅಣುವಿನಲ್ಲಿ ಹಿಡಿದಿಡುವ ಜೀವರಾಸಾಯನಿಕ ಪ್ರಕ್ರಿಯೆ. ಇದು ಚಯಾಪಚಯ ಕ್ರಿಯೆಯ ಪ್ರಮುಖ ಅಂಗ. ಸಸ್ಯ, ಪ್ರಾಣಿ, ಶಿಲೀಂಧ್ರ ಹಾಗೂ ಬಹುಪಾಲು ಸೂಕ್ಷ್ಮಜೀವಿಗಳಲ್ಲಿ ಈ ಪ್ರಕ್ರಿಯೆ ಹಗಲಿರುಳೂ ನಡೆಯುತ್ತದೆ. ಶ್ವಾಸಕೋಶದಿಂದ ಗಾಳಿಯನ್ನು ಒಳಗೆಳೆದು ಹೊರಬಿಡುವ ಕ್ರಿಯೆಯನ್ನೂ ಕನ್ನಡದಲ್ಲಿ ಉಸಿರಾಟವೆಂದೇ ಕರೆಯುವುದರಿಂದ ಇವೆರಡರ ನಡುವೆ ಗೊಂದಲ ಉಂಟಾಗುವುದುಂಟು. ಶ್ವಾಸಕೋಶದ ಕೆಲಸ ಅನಿಲಗಳ ವಿನಿಮಯ. ಶಕ್ತಿಯ ಉತ್ಪಾದನೆ ನಡೆಯುವುದು ಪ್ರತಿಯೊಂದು ಕೋಶದ ಒಳಗೆ.

ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬುವುದು, ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳಿನ ಗಂಟು ಬೆಚ್ಚಗಾಗುವುದು, ಬಹುಕಾಲ ಮುಚ್ಚಿಟ್ಟ ರಾಗಿ ಹಗೇವಿಗೆ ಒಮ್ಮೆಲೇ ಇಳಿದವರು ಪ್ರಜ್ಞೆ ತಪ್ಪುವುದು ಇವೆಲ್ಲದರ ಹಿಂದೆಯೂ ಇದೇ ಪ್ರಕ್ರಿಯೆ ಇದೆ.

ಒಟ್ಟಾರೆ ಕ್ರಿಯೆ

ಆಮ್ಲಜನಕವನ್ನು ಬಳಸಿ ಗ್ಲೂಕೋಸನ್ನು ಪೂರ್ಣವಾಗಿ ಉತ್ಕರ್ಷಿಸುವ ಕ್ರಿಯೆಯನ್ನು ಹೀಗೆ ಸಂಕ್ಷೇಪಿಸಬಹುದು:

1 ಗ್ಲೂಕೋಸ್ + 6 ಆಮ್ಲಜನಕ → 6 ಇಂಗಾಲದ ಡೈಆಕ್ಸೈಡ್ + 6 ನೀರು + ಶಕ್ತಿ

ತೂಕದ ಲೆಕ್ಕದಲ್ಲಿ 180 ಗ್ರಾಂ ಗ್ಲೂಕೋಸ್ 192 ಗ್ರಾಂ ಆಮ್ಲಜನಕದೊಂದಿಗೆ ವರ್ತಿಸಿ 264 ಗ್ರಾಂ ಇಂಗಾಲದ ಡೈಆಕ್ಸೈಡ್ ಮತ್ತು 108 ಗ್ರಾಂ ನೀರನ್ನು ಕೊಡುತ್ತದೆ. ಇದರಿಂದ ದೊರೆಯುವ ಮುಕ್ತ ಶಕ್ತಿ ಸುಮಾರು 2,870 ಕಿಲೋಜೌಲ್. ಸಕ್ಕರೆಯನ್ನು ಬೆಂಕಿಯಲ್ಲಿ ಸುಟ್ಟರೂ ಇದೇ ಉತ್ಪನ್ನಗಳು ದೊರೆಯುತ್ತವೆ, ಆದರೆ ಶಕ್ತಿಯೆಲ್ಲ ಒಮ್ಮೆಲೇ ಶಾಖವಾಗಿ ಹೊರಹೋಗುತ್ತದೆ. ಕೋಶದಲ್ಲಿ ಹತ್ತಾರು ಕಿಣ್ವಗಳು ಈ ದಹನವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆಯುತ್ತವೆ. ಆದ್ದರಿಂದ ದೇಹದ ಉಷ್ಣತೆಯಲ್ಲಿಯೇ ಕ್ರಿಯೆ ಸಾಗುತ್ತದೆ ಮತ್ತು ಶಕ್ತಿಯ ಒಂದು ಪಾಲು ಎಟಿಪಿ ರೂಪದಲ್ಲಿ ಉಳಿಯುತ್ತದೆ.

ಎಟಿಪಿಯ ಪಾತ್ರ

ಎಟಿಪಿ ಅಣುವಿನಲ್ಲಿ ಮೂರು ಫಾಸ್ಫೇಟ್ ಗುಂಪುಗಳು ಸಾಲಾಗಿ ಜೋಡಣೆಗೊಂಡಿರುತ್ತವೆ. ಕೊನೆಯ ಫಾಸ್ಫೇಟ್ ಬೇರ್ಪಟ್ಟು ಎಡಿಪಿ ಉಂಟಾದಾಗ, ಪ್ರಮಾಣಿತ ಸ್ಥಿತಿಯಲ್ಲಿ ಪ್ರತಿ ಮೋಲಿಗೆ ಸುಮಾರು 30.5 ಕಿಲೋಜೌಲ್ ಶಕ್ತಿ ಲಭ್ಯವಾಗುತ್ತದೆ. ಸ್ನಾಯುಗಳ ಸಂಕೋಚನ, ನರಗಳ ಸಂದೇಶ ರವಾನೆ, ಪ್ರೋಟೀನ್‌ಗಳ ತಯಾರಿಕೆ, ಕೋಶಪೊರೆಯ ಮೂಲಕ ಲವಣಗಳ ಸಾಗಣೆ ಮುಂತಾದ ಕೆಲಸಗಳಿಗೆ ಈ ಶಕ್ತಿ ಬಳಕೆಯಾಗುತ್ತದೆ.

ದೇಹದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಎಟಿಪಿಯ ಪ್ರಮಾಣ ಬಹಳ ಅಲ್ಪ. ಅದೇ ಅಣುಗಳು ಮತ್ತೆ ಮತ್ತೆ ಒಡೆದು, ಮತ್ತೆ ಮತ್ತೆ ಕೂಡಿಕೊಳ್ಳುವುದರಿಂದ ಒಬ್ಬ ವಯಸ್ಕನ ದೇಹದಲ್ಲಿ ದಿನವೊಂದಕ್ಕೆ ಉತ್ಪಾದನೆಯಾಗಿ ಖರ್ಚಾಗುವ ಎಟಿಪಿಯ ಒಟ್ಟು ತೂಕ ಸ್ಥೂಲವಾಗಿ ದೇಹದ ತೂಕದಷ್ಟೇ ಆಗುತ್ತದೆ. ಎಟಿಪಿಯನ್ನು ಕೂಡಿಡಲು ಸಾಧ್ಯವಿಲ್ಲ. ಆಮ್ಲಜನಕದ ಪೂರೈಕೆ ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿಯಾಗಲು ಇದೇ ಕಾರಣ. ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮೆದುಳು ವಿಶ್ರಾಂತ ಸ್ಥಿತಿಯಲ್ಲಿ ಒಟ್ಟು ಆಮ್ಲಜನಕದ ಸುಮಾರು ಶೇಕಡಾ 20ರಷ್ಟನ್ನು ಬಳಸುತ್ತದೆ.

ವಾಯುವಿಕ ಉಸಿರಾಟದ ಹಂತಗಳು

ರಾಗಿ ಮುದ್ದೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರಾಗಿಯ ತೂಕದ ಸುಮಾರು ಮೂರನೇ ಎರಡು ಭಾಗ ಶರ್ಕರಪಿಷ್ಟ. ಬಾಯಿ ಮತ್ತು ಸಣ್ಣ ಕರುಳಿನ ಕಿಣ್ವಗಳು ಪಿಷ್ಟವನ್ನು ಗ್ಲೂಕೋಸ್ ಆಗಿ ಒಡೆಯುತ್ತವೆ. ರಕ್ತದ ಮೂಲಕ ಕೋಶವನ್ನು ಸೇರಿದ ಗ್ಲೂಕೋಸ್ ಮುಂದಿನ ನಾಲ್ಕು ಹಂತಗಳನ್ನು ಹಾದುಹೋಗುತ್ತದೆ.

1. ಗ್ಲೈಕಾಲಿಸಿಸ್: ಇದು ಕೋಶದ್ರವದಲ್ಲಿ ನಡೆಯುತ್ತದೆ. ಆರು ಇಂಗಾಲದ ಪರಮಾಣುಗಳುಳ್ಳ ಗ್ಲೂಕೋಸ್ ಹತ್ತು ಕ್ರಿಯೆಗಳ ಮೂಲಕ ತಲಾ ಮೂರು ಇಂಗಾಲಗಳ ಎರಡು ಪೈರುವೇಟ್ ಅಣುಗಳಾಗುತ್ತದೆ. ಆರಂಭದಲ್ಲಿ 2 ಎಟಿಪಿ ಖರ್ಚಾಗಿ ನಂತರ 4 ಎಟಿಪಿ ದೊರೆಯುವುದರಿಂದ ನಿವ್ವಳ ಗಳಿಕೆ 2 ಎಟಿಪಿ. ಜೊತೆಗೆ ಎಲೆಕ್ಟ್ರಾನುಗಳನ್ನು ಹೊರುವ 2 ಎನ್‌ಎಡಿಎಚ್ ಅಣುಗಳು ಉಂಟಾಗುತ್ತವೆ. ಈ ಹಂತಕ್ಕೆ ಆಮ್ಲಜನಕ ಬೇಕಿಲ್ಲ.

2. ಪೈರುವೇಟ್‌ನ ಉತ್ಕರ್ಷಣೆ: ಪೈರುವೇಟ್ ಮೈಟೊಕಾಂಡ್ರಿಯದ ಒಳಗೆ ಹೋಗಿ, ಒಂದು ಇಂಗಾಲವನ್ನು ಇಂಗಾಲದ ಡೈಆಕ್ಸೈಡ್ ಆಗಿ ಕಳೆದುಕೊಂಡು ಅಸಿಟೈಲ್ ಕೋ-ಎ ಆಗಿ ಮಾರ್ಪಡುತ್ತದೆ. ಒಂದು ಗ್ಲೂಕೋಸಿಗೆ 2 ಎನ್‌ಎಡಿಎಚ್ ದೊರೆಯುತ್ತವೆ. ಈ ಕಿಣ್ವಕ್ಕೆ ಥಯಾಮಿನ್ (ಬಿ1 ಜೀವಸತ್ವ) ಅಗತ್ಯ. ಹೆಚ್ಚು ಪಾಲಿಶ್ ಮಾಡಿದ ಅಕ್ಕಿಯನ್ನೇ ಅವಲಂಬಿಸಿದವರಲ್ಲಿ ಬೆರಿಬೆರಿ ರೋಗ ಬರುವುದಕ್ಕೆ ಥಯಾಮಿನ್ ಕೊರತೆಯೇ ಕಾರಣ.

3. ಕ್ರೆಬ್ಸ್ ಚಕ್ರ: ಸಿಟ್ರಿಕ್ ಆಮ್ಲ ಚಕ್ರವೆಂದೂ ಇದಕ್ಕೆ ಹೆಸರಿದೆ. ಎರಡು ಇಂಗಾಲಗಳ ಅಸಿಟೈಲ್ ಗುಂಪು ನಾಲ್ಕು ಇಂಗಾಲಗಳ ಆಕ್ಸಲೊಅಸಿಟೇಟ್‌ನೊಂದಿಗೆ ಸೇರಿ ಸಿಟ್ರೇಟ್ ಆಗುತ್ತದೆ. ಮುಂದಿನ ಕ್ರಿಯೆಗಳಲ್ಲಿ ಎರಡು ಇಂಗಾಲಗಳು ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಹೊರಬಿದ್ದು ಆಕ್ಸಲೊಅಸಿಟೇಟ್ ಮರಳಿ ದೊರೆಯುತ್ತದೆ. ಚಕ್ರದ ಒಂದು ಸುತ್ತಿಗೆ 3 ಎನ್‌ಎಡಿಎಚ್, 1 ಎಫ್‌ಎಡಿಎಚ್2 ಮತ್ತು 1 ಎಟಿಪಿ (ಅಥವಾ ಅದಕ್ಕೆ ಸಮನಾದ ಜಿಟಿಪಿ) ಲಭಿಸುತ್ತವೆ. ಒಂದು ಗ್ಲೂಕೋಸಿಗೆ ಎರಡು ಸುತ್ತುಗಳು. ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನ ಬಹುಪಾಲು ಹುಟ್ಟುವುದು ಇಲ್ಲಿಯೇ.

4. ಎಲೆಕ್ಟ್ರಾನ್ ಸಾಗಣೆ ಸರಣಿ: ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ನಾಲ್ಕು ಪ್ರೋಟೀನ್ ಸಂಕೀರ್ಣಗಳಿವೆ. ಎನ್‌ಎಡಿಎಚ್ ಮತ್ತು ಎಫ್‌ಎಡಿಎಚ್2 ತಂದ ಎಲೆಕ್ಟ್ರಾನುಗಳು ಯುಬಿಕ್ವಿನೋನ್ ಮತ್ತು ಸೈಟೊಕ್ರೋಮ್ ಸಿ ಎಂಬ ವಾಹಕಗಳ ನೆರವಿನಿಂದ ಸಂಕೀರ್ಣದಿಂದ ಸಂಕೀರ್ಣಕ್ಕೆ ಸಾಗಿ, ಕೊನೆಗೆ ನಾಲ್ಕನೆಯ ಸಂಕೀರ್ಣದಲ್ಲಿ (ಸೈಟೊಕ್ರೋಮ್ ಸಿ ಆಕ್ಸಿಡೇಸ್) ಆಮ್ಲಜನಕವನ್ನು ಸೇರುತ್ತವೆ. ಅಲ್ಲಿ ನೀರು ಉಂಟಾಗುತ್ತದೆ. ಎಲೆಕ್ಟ್ರಾನುಗಳ ಈ ಹರಿವಿನ ಶಕ್ತಿಯಿಂದ ಪ್ರೋಟಾನುಗಳು ಒಳಪೊರೆಯ ಹೊರಬದಿಗೆ ತಳ್ಳಲ್ಪಡುತ್ತವೆ. ಅಣೆಕಟ್ಟೆಯ ಹಿಂದೆ ನಿಂತ ನೀರು ಟರ್ಬೈನನ್ನು ತಿರುಗಿಸುವಂತೆ, ಹೊರಬದಿಯಲ್ಲಿ ಸೇರಿದ ಪ್ರೋಟಾನುಗಳು ಎಟಿಪಿ ಸಿಂಥೇಸ್ ಎಂಬ ಕಿಣ್ವದ ಮೂಲಕ ಒಳಬರುವಾಗ ಅದರ ಒಂದು ಭಾಗವನ್ನು ನಿಜವಾಗಿಯೂ ತಿರುಗಿಸುತ್ತವೆ. ಆ ತಿರುಗುವಿಕೆಯಿಂದ ಎಡಿಪಿಗೆ ಫಾಸ್ಫೇಟ್ ಸೇರಿ ಎಟಿಪಿ ತಯಾರಾಗುತ್ತದೆ.

ಎಟಿಪಿಯ ಲೆಕ್ಕ

ಒಂದು ಎನ್‌ಎಡಿಎಚ್‌ನಿಂದ ಸುಮಾರು 2.5 ಎಟಿಪಿ, ಒಂದು ಎಫ್‌ಎಡಿಎಚ್2ನಿಂದ ಸುಮಾರು 1.5 ಎಟಿಪಿ ದೊರೆಯುತ್ತವೆ. ಅದರಂತೆ ಒಂದು ಗ್ಲೂಕೋಸಿನ ಲೆಕ್ಕ ಹೀಗಿದೆ:

ಗ್ಲೈಕಾಲಿಸಿಸ್‌ನಲ್ಲಿ ನೇರವಾಗಿ: 2
ಗ್ಲೈಕಾಲಿಸಿಸ್‌ನ 2 ಎನ್‌ಎಡಿಎಚ್‌ನಿಂದ: 3 ಅಥವಾ 5
ಪೈರುವೇಟ್‌ನ ಉತ್ಕರ್ಷಣೆಯ 2 ಎನ್‌ಎಡಿಎಚ್‌ನಿಂದ: 5
ಕ್ರೆಬ್ಸ್ ಚಕ್ರದಲ್ಲಿ ನೇರವಾಗಿ: 2
ಕ್ರೆಬ್ಸ್ ಚಕ್ರದ 6 ಎನ್‌ಎಡಿಎಚ್‌ನಿಂದ: 15
ಕ್ರೆಬ್ಸ್ ಚಕ್ರದ 2 ಎಫ್‌ಎಡಿಎಚ್2ನಿಂದ: 3
ಒಟ್ಟು: 30 ಅಥವಾ 32

ಕೋಶದ್ರವದ ಎನ್‌ಎಡಿಎಚ್‌ನ ಎಲೆಕ್ಟ್ರಾನುಗಳು ಮೈಟೊಕಾಂಡ್ರಿಯದ ಒಳಗೆ ಹೋಗುವ ದಾರಿ ಎಲ್ಲ ಅಂಗಾಂಶಗಳಲ್ಲಿಯೂ ಒಂದೇ ಅಲ್ಲದ ಕಾರಣ ಎರಡನೆಯ ಸಾಲಿನಲ್ಲಿ ಎರಡು ಸಂಖ್ಯೆಗಳಿವೆ. ಹಳೆಯ ಪಠ್ಯಪುಸ್ತಕಗಳಲ್ಲಿ ಕಾಣುವ 36 ಅಥವಾ 38 ಎಂಬ ಸಂಖ್ಯೆಗಳು ಎನ್‌ಎಡಿಎಚ್‌ಗೆ 3, ಎಫ್‌ಎಡಿಎಚ್2ಗೆ 2 ಎಂದು ಪೂರ್ಣಾಂಕಗಳನ್ನು ಹಿಡಿದು ಮಾಡಿದ ಲೆಕ್ಕದಿಂದ ಬಂದವು. ಪ್ರಮಾಣಿತ ಸ್ಥಿತಿಯ ಲೆಕ್ಕದಂತೆ 32 ಎಟಿಪಿಯಲ್ಲಿ ಉಳಿಯುವ ಶಕ್ತಿ ಗ್ಲೂಕೋಸಿನ ಶಕ್ತಿಯ ಸುಮಾರು ಶೇಕಡಾ 34. ಕೋಶದೊಳಗಿನ ನೈಜ ಸ್ಥಿತಿಯಲ್ಲಿ ಇದು ಇನ್ನೂ ಹೆಚ್ಚು. ಉಳಿದುದು ಶಾಖವಾಗಿ ದೇಹವನ್ನು ಬೆಚ್ಚಗಿಡುತ್ತದೆ.

ಇತರ ಇಂಧನಗಳು

ಕೊಬ್ಬು ಮತ್ತು ಪ್ರೋಟೀನ್‌ಗಳೂ ಇದೇ ಮಾರ್ಗವನ್ನು ಸೇರುತ್ತವೆ. ಕೊಬ್ಬಿನ ಆಮ್ಲಗಳು ಎರಡೆರಡು ಇಂಗಾಲಗಳ ತುಂಡುಗಳಾಗಿ ಒಡೆದು ಅಸಿಟೈಲ್ ಕೋ-ಎ ಆಗುತ್ತವೆ. 16 ಇಂಗಾಲಗಳ ಪಾಮಿಟಿಕ್ ಆಮ್ಲದ ಒಂದು ಅಣುವಿನಿಂದ ಸುಮಾರು 106 ಎಟಿಪಿ ದೊರೆಯುತ್ತವೆ. ಹೀಗಾಗಿ ಒಂದು ಗ್ರಾಂ ತುಪ್ಪದಂತಹ ಕೊಬ್ಬು ಸುಮಾರು 9 ಕಿಲೋಕ್ಯಾಲರಿ ನೀಡಿದರೆ, ಶರ್ಕರಪಿಷ್ಟ ಮತ್ತು ಪ್ರೋಟೀನ್ ತಲಾ ಸುಮಾರು 4 ಕಿಲೋಕ್ಯಾಲರಿ ನೀಡುತ್ತವೆ. ಪ್ರೋಟೀನ್‌ನ ಅಮೈನೊ ಆಮ್ಲಗಳಿಂದ ಬೇರ್ಪಟ್ಟ ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೊರಹೋಗುತ್ತದೆ.

ಹುದುಗುವಿಕೆ

ಆಮ್ಲಜನಕ ಸಾಲದಾದಾಗ ಎಲೆಕ್ಟ್ರಾನ್ ಸಾಗಣೆ ಸರಣಿ ನಿಲ್ಲುತ್ತದೆ. ಆಗ ಎನ್‌ಎಡಿಎಚ್ ತನ್ನ ಎಲೆಕ್ಟ್ರಾನುಗಳನ್ನು ಇಳಿಸಲು ಬೇರೆ ಸ್ಥಳ ಬೇಕು. ಇಲ್ಲವಾದರೆ ಗ್ಲೈಕಾಲಿಸಿಸ್ ಕೂಡ ನಿಲ್ಲುತ್ತದೆ. ಪೈರುವೇಟ್ ಅಥವಾ ಅದರಿಂದ ಬಂದ ವಸ್ತುವಿಗೇ ಆ ಎಲೆಕ್ಟ್ರಾನುಗಳನ್ನು ಕೊಡುವ ವಿಧಾನ ಹುದುಗುವಿಕೆ. ಯೀಸ್ಟ್‌ನಲ್ಲಿ ಇದರಿಂದ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್, ಸ್ನಾಯುಗಳಲ್ಲಿ ಲ್ಯಾಕ್ಟೇಟ್ ಉಂಟಾಗುತ್ತವೆ. ಗಳಿಕೆ ಒಂದು ಗ್ಲೂಕೋಸಿಗೆ ಕೇವಲ 2 ಎಟಿಪಿ. ಮೈಟೊಕಾಂಡ್ರಿಯವೇ ಇಲ್ಲದ ಕೆಂಪು ರಕ್ತಕಣಗಳು ಸದಾ ಈ ಮಾರ್ಗವನ್ನೇ ಅವಲಂಬಿಸಿವೆ.

ಕರಾವಳಿಯ ಕಂಬಳದಲ್ಲಿ ಕೋಣಗಳೊಂದಿಗೆ ಕೆಸರುಗದ್ದೆಯಲ್ಲಿ ಓಡುವವರ ಓಟ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಇಂತಹ ಅಲ್ಪಾವಧಿಯ ತೀವ್ರ ಶ್ರಮದಲ್ಲಿ ಮೊದಲ ಸೆಕೆಂಡುಗಳ ಎಟಿಪಿ ಸ್ನಾಯುವಿನಲ್ಲಿರುವ ಫಾಸ್ಫೊಕ್ರಿಯಾಟಿನ್‌ನಿಂದ, ನಂತರದ್ದು ಹೆಚ್ಚಾಗಿ ಗ್ಲೈಕಾಲಿಸಿಸ್‌ನಿಂದ ಬರುತ್ತದೆ. ಓಟ ಮುಗಿದ ಮೇಲೂ ಏದುಸಿರು ಮುಂದುವರಿಯುವುದು ಖಾಲಿಯಾದ ಈ ಸಂಗ್ರಹವನ್ನು ತುಂಬಲು ಮತ್ತು ಲ್ಯಾಕ್ಟೇಟ್ ಅನ್ನು ಮರುಬಳಸಲು. ಮರುದಿನ ಕಾಣಿಸಿಕೊಳ್ಳುವ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣವೆಂಬ ನಂಬಿಕೆ ಸರಿಯಲ್ಲ. ಲ್ಯಾಕ್ಟೇಟ್ ಗಂಟೆ ಎರಡು ಗಂಟೆಗಳಲ್ಲಿ ರಕ್ತದಿಂದ ಕಡಿಮೆಯಾಗಿರುತ್ತದೆ.

ಕರ್ನಾಟಕದ ಅಡುಗೆ ಮತ್ತು ಕೃಷಿಯಲ್ಲಿ

ದೋಸೆ ಮತ್ತು ಇಡ್ಲಿ ಹಿಟ್ಟು: ಅಕ್ಕಿ ಮತ್ತು ಉದ್ದಿನಬೇಳೆಯಲ್ಲಿ ಸಹಜವಾಗಿ ಇರುವ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಮುಂತಾದ ಬ್ಯಾಕ್ಟೀರಿಯಾಗಳು ರುಬ್ಬಿದ ಹಿಟ್ಟಿನಲ್ಲಿ ವೃದ್ಧಿಯಾಗುತ್ತವೆ. ಈ ಬ್ಯಾಕ್ಟೀರಿಯ ಒಂದು ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲ, ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆದು ಕೇವಲ 1 ಎಟಿಪಿ ಗಳಿಸುತ್ತದೆ. ಗಳಿಕೆ ಕಡಿಮೆಯಿರುವುದರಿಂದ ಬದುಕಲು ಹೆಚ್ಚು ಸಕ್ಕರೆಯನ್ನು ಒಡೆಯಬೇಕಾಗುತ್ತದೆ. ಹಿಟ್ಟು ಉಬ್ಬುವಷ್ಟು ಅನಿಲ ಹುಟ್ಟುವುದು ಇದರಿಂದಲೇ. ಉದ್ದಿನ ಲೋಳೆ ಅನಿಲದ ಗುಳ್ಳೆಗಳನ್ನು ಹಿಡಿದಿಡುತ್ತದೆ. ಉಷ್ಣತೆ ತಗ್ಗಿದಂತೆ ಕಿಣ್ವಗಳ ವೇಗವೂ ತಗ್ಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ತಿಂಗಳ ರಾತ್ರಿಗಳು ತಂಪಾಗಿರುತ್ತವೆ. ಶ್ರೀನಗರ, ಬನಶಂಕರಿ, ಜಯನಗರದಂತಹ ಬಡಾವಣೆಗಳ ಮನೆಗಳಲ್ಲಿ ಬೇಸಿಗೆಯಲ್ಲಿ ಒಂದು ರಾತ್ರಿಗೆ ಹುದುಗುವ ಹಿಟ್ಟು ಚಳಿಗಾಲದಲ್ಲಿ ಹೆಚ್ಚು ಹೊತ್ತು ಬೇಡುವುದು, ಅದಕ್ಕಾಗಿ ಪಾತ್ರೆಯನ್ನು ಬೆಚ್ಚಗಿನ ಜಾಗದಲ್ಲಿ ಇಡುವುದು ಈ ಕಾರಣದಿಂದ.

ಮೊಳಕೆ ಕಾಳು: ಒಣ ಕಾಳಿನಲ್ಲಿ ಉಸಿರಾಟ ಅತ್ಯಂತ ನಿಧಾನ. ನೆನೆಸಿದ ಹೆಸರು ಅಥವಾ ಹುರುಳಿ ಕಾಳಿನಲ್ಲಿ ಅದು ಹಲವು ಪಟ್ಟು ಹೆಚ್ಚುತ್ತದೆ. ಬಟ್ಟೆಯ ಗಂಟಿನೊಳಗೆ ಕೈಯಿಟ್ಟರೆ ಬಿಸಿ ತಿಳಿಯುತ್ತದೆ. ಕಾಳನ್ನು ಗಾಳಿಯಾಡುವಂತೆ ಕಟ್ಟದೆ ನೀರಿನಲ್ಲಿಯೇ ಮುಳುಗಿಸಿಟ್ಟರೆ ಆಮ್ಲಜನಕ ಸಾಲದೆ ಹುದುಗಿ ವಾಸನೆ ಬರುತ್ತದೆ, ಮೊಳಕೆ ಬೆಳೆಯುವುದಿಲ್ಲ. ಹೊಲದಲ್ಲಿ ನೀರು ನಿಂತಾಗ ಬೆಳೆಯ ಬೇರುಗಳು ಕೊಳೆಯುವುದಕ್ಕೂ ಬೇರಿನ ಕೋಶಗಳ ಉಸಿರಾಟ ಕುಂಠಿತವಾಗುವುದು ಒಂದು ಮುಖ್ಯ ಕಾರಣ.

ಹಣ್ಣುಗಳು: ಮಾವು ಮತ್ತು ಬಾಳೆ ಮರದಿಂದ ಕಿತ್ತ ಮೇಲೂ ಉಸಿರಾಡುತ್ತವೆ. ಮಾಗುವ ಹಂತದಲ್ಲಿ ಅವುಗಳ ಉಸಿರಾಟದ ದರ ಒಮ್ಮೆ ಏರಿ ಇಳಿಯುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಂತಹ ಮಾವಿನ ಊರುಗಳಿಂದ ದೂರದ ಮಾರುಕಟ್ಟೆಗೆ ಹೋಗುವ ಹಣ್ಣನ್ನು ತಂಪಾಗಿಟ್ಟರೆ ಈ ಏರಿಕೆ ತಡವಾಗಿ, ಹಣ್ಣು ಹೆಚ್ಚು ದಿನ ಬಾಳುತ್ತದೆ.

ಹಗೇವು ಮತ್ತು ಮುಚ್ಚಿದ ಗುಂಡಿಗಳ ಅಪಾಯ

ಹಗೇವು (ಕೆಲವೆಡೆ ಹಗೆ) ಎಂಬುದು ಕರ್ನಾಟಕದ ಬಯಲುಸೀಮೆಯಲ್ಲಿ ರಾಗಿ, ಜೋಳ ಮುಂತಾದ ಧಾನ್ಯಗಳನ್ನು ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಗುಂಡಿ. ಇದರ ಬಾಯಿ ಕಿರಿದು, ಒಳಗೆ ಅಗಲ. ಒಳಗೋಡೆಗೆ ಹುಲ್ಲು ಹೊದಿಸಿ, ಚೆನ್ನಾಗಿ ಒಣಗಿದ ಧಾನ್ಯ ತುಂಬಿ, ಬಾಯಿಯನ್ನು ಚಪ್ಪಡಿಯಿಂದ ಮುಚ್ಚಿ ಮಣ್ಣಿನಿಂದ ಮೆತ್ತಲಾಗುತ್ತಿತ್ತು. ರಾಗಿ ಇದರಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು.

ಈ ವಿಧಾನದ ಯಶಸ್ಸಿಗೂ ಅಪಾಯಕ್ಕೂ ಕಾರಣ ಒಂದೇ. ಒಳಗಿನ ಕೀಟಗಳು, ಬೂಷ್ಟು ಮತ್ತು ಧಾನ್ಯ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ. ಇಂಗಾಲದ ಡೈಆಕ್ಸೈಡ್ ಏರುತ್ತದೆ. ಆಮ್ಲಜನಕ ಬಹಳ ಕಡಿಮೆಯಾದಾಗ ಕೀಟಗಳು ಸಾಯುತ್ತವೆ, ಧಾನ್ಯ ಸುರಕ್ಷಿತವಾಗುತ್ತದೆ. ಆದರೆ ಅದೇ ಗಾಳಿಯಲ್ಲಿ ಮನುಷ್ಯನೂ ಬದುಕಲಾರ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡಾ 21ರಷ್ಟಿರುತ್ತದೆ. ಅದು ಶೇಕಡಾ 10ಕ್ಕಿಂತ ಕೆಳಗಿಳಿದ ಗಾಳಿಯನ್ನು ಉಸಿರಾಡಿದರೆ ಪ್ರಜ್ಞೆ ತಪ್ಪುತ್ತದೆ; ಶೇಕಡಾ 6ಕ್ಕಿಂತ ಕಡಿಮೆಯಾದರೆ ನಿಮಿಷಗಳಲ್ಲಿ ಸಾವು ಸಂಭವಿಸುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಬಾಯಿ ತೆರೆದ ಮೇಲೂ ತಳದಲ್ಲಿ ಉಳಿಯುತ್ತದೆ. ಹಿಂದಿನವರು ಹಗೇವನ್ನು ತೆರೆದು ಬಹಳ ಹೊತ್ತು ಹಾಗೆಯೇ ಬಿಟ್ಟು, ಹೊತ್ತಿಸಿದ ದೀಪವನ್ನು ಹಗ್ಗದಲ್ಲಿ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ದೀಪವು ಆಮ್ಲಜನಕ ಸುಮಾರು ಶೇಕಡಾ 16ಕ್ಕೆ ಇಳಿದಾಗಲೇ ಆರುವುದರಿಂದ ಅದು ಮುಂಚಿತ ಎಚ್ಚರಿಕೆಯಾಗಿತ್ತು.

ಈ ದೀಪದ ಪರೀಕ್ಷೆ ಒಳಚರಂಡಿ ಮತ್ತು ಶೌಚಗುಂಡಿಗಳಿಗೆ ಸಲ್ಲದು. ಅಲ್ಲಿ ಬ್ಯಾಕ್ಟೀರಿಯಾಗಳ ಅವಾಯುವಿಕ ಚಯಾಪಚಯದಿಂದ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಉಂಟಾಗುತ್ತವೆ. ಮೀಥೇನ್ ಸ್ಫೋಟಿಸಬಹುದು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಿನ ಪ್ರಮಾಣದಲ್ಲಿದ್ದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುವುದರಿಂದ ವಾಸನೆಯೂ ತಿಳಿಯುವುದಿಲ್ಲ. ಬೆಂಗಳೂರು ಸೇರಿದಂತೆ ರಾಜ್ಯದ ಹಲವೆಡೆ ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕರು, ಅವರನ್ನು ಮೇಲೆತ್ತಲು ಹೋದವರು ಸಾವಿಗೀಡಾದ ಪ್ರಕರಣಗಳು ವರದಿಯಾಗಿವೆ. ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿ ಮತ್ತು ಶೌಚಗುಂಡಿಗಳ ಅಪಾಯಕಾರಿ ಸ್ವಚ್ಛತೆಗೆ ಇಳಿಸುವುದನ್ನು 2013ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಗುಂಡಿಯೊಳಗೆ ಯಾರಾದರೂ ಕುಸಿದರೆ ಉಸಿರಾಟದ ಉಪಕರಣವಿಲ್ಲದೆ ಹಿಂದೆಯೇ ಇಳಿಯದೆ, ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು.

ಉಸಿರಾಟವನ್ನು ತಡೆಯುವ ವಿಷಗಳು

ಹೈಡ್ರೋಜನ್ ಸಲ್ಫೈಡ್ ಮತ್ತು ಸಯನೈಡ್ ಎರಡೂ ಎಲೆಕ್ಟ್ರಾನ್ ಸಾಗಣೆ ಸರಣಿಯ ನಾಲ್ಕನೆಯ ಸಂಕೀರ್ಣಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತವೆ. ಆಗ ರಕ್ತದಲ್ಲಿ ಆಮ್ಲಜನಕವಿದ್ದರೂ ಕೋಶಗಳು ಅದನ್ನು ಬಳಸಲಾರವು. ಮರಗೆಣಸಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತಗಳಿರುವುದರಿಂದ ಅದನ್ನು ಹಸಿಯಾಗಿ ತಿನ್ನದೆ ಸಿಪ್ಪೆ ತೆಗೆದು, ಚೆನ್ನಾಗಿ ಬೇಯಿಸಿ, ನೀರು ಬಸಿದು ತಿನ್ನುತ್ತಾರೆ.

ಇಂಗಾಲದ ಮೊನಾಕ್ಸೈಡ್ ಮುಖ್ಯವಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟುತ್ತದೆ. ನಾಲ್ಕನೆಯ ಸಂಕೀರ್ಣವನ್ನೂ ತಡೆಯುತ್ತದೆ. ಗಾಳಿಯಾಡದ ಸ್ನಾನದ ಕೋಣೆಯಲ್ಲಿ ಉರಿಯುವ ಗ್ಯಾಸ್ ಗೀಸರ್, ಮುಚ್ಚಿದ ಕೋಣೆಯಲ್ಲಿಟ್ಟ ಇದ್ದಿಲ ಅಗ್ಗಿಷ್ಟಿಕೆ ಇವುಗಳಿಂದ ಸಾವುಗಳು ಸಂಭವಿಸಿವೆ. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ, ತಲೆಸುತ್ತು ಇದರ ಮೊದಲ ಲಕ್ಷಣಗಳು.

ಸಂಶೋಧನೆಯ ಇತಿಹಾಸ

ಫ್ರಾನ್ಸಿನ ಲವಾಸಿಯೇ ಮತ್ತು ಲಾಪ್ಲಾಸ್ 1780ರ ದಶಕದಲ್ಲಿ ಗಿನಿಯಿಲಿಯನ್ನು ಬಳಸಿ ನಡೆಸಿದ ಪ್ರಯೋಗಗಳಿಂದ ಉಸಿರಾಟವು ನಿಧಾನವಾದ ದಹನವೆಂದು ತೋರಿಸಿದರು. 1897ರಲ್ಲಿ ಎಡ್ವರ್ಡ್ ಬುಕ್ನರ್ ಜೀವಂತ ಕೋಶಗಳಿಲ್ಲದ ಯೀಸ್ಟ್ ರಸವೂ ಸಕ್ಕರೆಯನ್ನು ಹುದುಗಿಸಬಲ್ಲದೆಂದು ಕಂಡುಹಿಡಿದು 1907ರ ನೊಬೆಲ್ ಪ್ರಶಸ್ತಿ ಪಡೆದರು. 1925ರಲ್ಲಿ ಡೇವಿಡ್ ಕೀಲಿನ್ ಸೈಟೊಕ್ರೋಮ್‌ಗಳನ್ನು ವಿವರಿಸಿದರು.

ಎಟಿಪಿಯ ಶೋಧದಲ್ಲಿ ಭಾರತೀಯರೊಬ್ಬರ ಪಾತ್ರವಿದೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಜನಿಸಿದ ಯೆಲ್ಲಪ್ರಗಡ ಸುಬ್ಬರಾವ್ ಅವರು ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸೈರಸ್ ಫಿಸ್ಕ್ ಅವರೊಂದಿಗೆ 1927ರಲ್ಲಿ ಫಾಸ್ಫೊಕ್ರಿಯಾಟಿನ್, 1929ರಲ್ಲಿ ಎಟಿಪಿ ಕುರಿತು ಪ್ರಕಟಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಸ್ವತಂತ್ರವಾಗಿ ಎಟಿಪಿಯನ್ನು ಗುರುತಿಸಿದರು.

ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ಸಿಟ್ರಿಕ್ ಆಮ್ಲ ಚಕ್ರವನ್ನು ಮಂಡಿಸಿದರು. ಅವರ ಬರಹವನ್ನು 'ನೇಚರ್' ಪತ್ರಿಕೆ ಸ್ಥಳಾಭಾವದಿಂದ ಆಗ ಸ್ವೀಕರಿಸಲಿಲ್ಲ. 1953ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಪ್ರಶಸ್ತಿ ದೊರೆಯಿತು. ಪ್ರೋಟಾನುಗಳ ಹರಿವಿನಿಂದ ಎಟಿಪಿ ತಯಾರಾಗುತ್ತದೆಂಬ ಪೀಟರ್ ಮಿಚೆಲ್ ಅವರ 1961ರ ಸಿದ್ಧಾಂತವೂ ಮೊದಲು ತೀವ್ರ ವಿರೋಧ ಎದುರಿಸಿ, 1978ರಲ್ಲಿ ನೊಬೆಲ್ ಗೌರವ ಪಡೆಯಿತು. ಎಟಿಪಿ ಸಿಂಥೇಸ್‌ನ ಕಾರ್ಯವಿಧಾನ ಮತ್ತು ರಚನೆಯನ್ನು ತಿಳಿಸಿದ ಪಾಲ್ ಬೋಯರ್ ಮತ್ತು ಜಾನ್ ವಾಕರ್ 1997ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿಯನ್ನು ಜೆನ್ಸ್ ಸ್ಕೋ ಅವರೊಂದಿಗೆ ಹಂಚಿಕೊಂಡರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1921ರಲ್ಲಿ ಆರಂಭವಾದ ಜೀವರಸಾಯನಶಾಸ್ತ್ರ ವಿಭಾಗವು ಈ ಕ್ಷೇತ್ರದ ಸಂಶೋಧನೆಯಲ್ಲಿ ಪಾಲ್ಗೊಂಡಿದೆ. ಅಲ್ಲಿ ಟಿ. ರಾಮಶರ್ಮ ಮತ್ತು ಸಹೋದ್ಯೋಗಿಗಳು ಯುಬಿಕ್ವಿನೋನ್‌ನ ಚಯಾಪಚಯವನ್ನು ಕುರಿತು ದೀರ್ಘಕಾಲ ಅಧ್ಯಯನ ನಡೆಸಿದರು.

ಸಾಮಾನ್ಯ ತಪ್ಪುಗ್ರಹಿಕೆಗಳು

ಸಸ್ಯಗಳು ರಾತ್ರಿ ಮಾತ್ರ ಉಸಿರಾಡುತ್ತವೆ ಎಂಬುದು ತಪ್ಪು. ಅವು ಹಗಲಿನಲ್ಲಿಯೂ ಉಸಿರಾಡುತ್ತವೆ. ಆಗ ದ್ಯುತಿಸಂಶ್ಲೇಷಣೆಯಿಂದ ಹೊರಬರುವ ಆಮ್ಲಜನಕ ಹೆಚ್ಚಿರುವುದರಿಂದ ಉಸಿರಾಟ ಗಮನಕ್ಕೆ ಬರುವುದಿಲ್ಲ.

ಉಸಿರಿನಲ್ಲಿ ಒಳಗೆಳೆದ ಆಮ್ಲಜನಕವೇ ಇಂಗಾಲದ ಡೈಆಕ್ಸೈಡ್ ಆಗಿ ಹೊರಬರುತ್ತದೆ ಎಂಬುದೂ ಸರಿಯಲ್ಲ. ಆ ಆಮ್ಲಜನಕ ಸರಣಿಯ ಕೊನೆಯಲ್ಲಿ ನೀರಾಗುತ್ತದೆ. ಇಂಗಾಲದ ಡೈಆಕ್ಸೈಡ್‌ನಲ್ಲಿರುವ ಆಮ್ಲಜನಕ ಆಹಾರದ ಅಣುಗಳಿಂದ ಮತ್ತು ಕ್ರಿಯೆಯಲ್ಲಿ ಸೇರಿದ ನೀರಿನಿಂದ ಬಂದದ್ದು.

ಇವನ್ನೂ ನೋಡಿ

ಮೈಟೊಕಾಂಡ್ರಿಯ
ದ್ಯುತಿಸಂಶ್ಲೇಷಣೆ
ಕಿಣ್ವ
ಹುದುಗುವಿಕೆ
ರಾಗಿ